ಅಕ್ಕ ಉಳಿಸಿಕೊಂಡ ಅರ್ಧ ಅಂಕ

ನಮ್ಮಕ್ಕನ ಪ್ರಕಾರ ಮನುಷ್ಯರಲ್ಲಿ ಎರಡೇ ಬಗೆ: ನೀರು ಚಿಮ್ಮಿಸುವವರು, ಚಿಮ್ಮಿಸದವರು. ನಾನು ಯಾವ ಬಗೆ ಎಂದು ದಯವಿಟ್ಟು ಕೇಳಬೇಡಿ!

ಅವಳು ಡಾಕ್ಟರ್. ಅದಕ್ಕೂ ಮೊದಲು ಡೈವಿಂಗ್ ಸ್ಪರ್ಧೆಗಳಲ್ಲಿ ಎತ್ತರದ ಹಲಗೆಯಿಂದ ತಲೆಕೆಳಗಾಗಿ ಹಾರುತ್ತಿದ್ದವಳು. ಹಾರಲು ಕಲಿತದ್ದು ಕೋಡಿಬಾಗದಲ್ಲಿ, ದೋಣಿ ಕಟ್ಟುವ ದಕ್ಕೆಯಿಂದ ಕಾಳಿ ನದಿಗೆ. ನೀರು ಎಷ್ಟು ಕಮ್ಮಿ ಚಿಮ್ಮುತ್ತದೋ ಅಷ್ಟು ಹೆಚ್ಚು ಅಂಕ, ಹತ್ತಕ್ಕೆ. ಒಮ್ಮೆ ಬರೀ ಅರ್ಧ ಅಂಕದಲ್ಲಿ ಅವಳಿಗೆ ಪದಕ ತಪ್ಪಿತು. ಆ ಅರ್ಧವನ್ನು ಆಮೇಲೆ ಊರವರೆಲ್ಲರಿಂದ ವಸೂಲು ಮಾಡಿದಳು ಎಂಬುದು ನನ್ನ ಗುಮಾನಿ.

ಯಾಕೆಂದರೆ ಅವಳು ಕಂಡದ್ದಕ್ಕೆಲ್ಲ ಅಂಕ ಕೊಡುತ್ತಿದ್ದಳು! ನಮ್ಮಮ್ಮ, ಅಂದರೆ ಆಯಿ, ಬಂಗಡೆ ಮೀನನ್ನು ಕಾದ ಎಣ್ಣೆಗೆ ಇಳಿಸಿದರೆ, ಹಿಂದಿನಿಂದ, "ಎಂಟು. ಬಾಲ ಮೊದಲು ಮುಟ್ತು, ಆಯೀ."

ಆಯಿ ಸೌಟು ಎತ್ತಿ, "ಎಣ್ಣೆಗೆ ನೀನೇ ಹಾರೇ. ಅಂಕ ನಾ ಕೊಡ್ತೆ!"

ಅಂಕೋಲೆಯ ಅವಳ ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಳ್ಳುವವರಿಗೂ ಇದೇ ಗತಿ. ಗದ್ದ ಒಳಗೆ, ಕಾಲು ನೇರ, "ಹಾ" ಎಂದರೆ ಒಂದು ಅಂಕ ಕಟ್. ಜ್ವರದಲ್ಲಿ ನಡುಗುವವರು ಇದನ್ನೆಲ್ಲ ಕೇಳುತ್ತಾರೆಯೇ? ಕೇಳುತ್ತಿದ್ದರು! ಗದ್ದೆ ಕೆಲಸದ ಅಜ್ಜನೊಬ್ಬ ಗುಣವಾದ ಮೂರನೇ ದಿನ ಮತ್ತೆ ಹಾಜರು.

"ಎಂತಾ ಆಯ್ತು ಅಜ್ಜಾ, ಮತ್ತೆ ಜ್ವರವಾ?"

"ಜ್ವರ ಇಲ್ರಾ, ಬಾಯೋರೇ. ಬದಿಮನೆಯವಂಗೆ ಏಳು ಕೊಟ್ರಂತೆ, ನಂಗೆ ಆರೂವರೆ. ಇನ್ನೊಂದು ಸೂಜಿ ಹಾಕಿ ನೋಡಿ!"

ಇನ್ನು ನನ್ನ ಪಾಡು. ಚಿಕ್ಕವನಿದ್ದಾಗ ಆ ದಕ್ಕೆಯಿಂದ ಹಾರಿ, ಹೊಟ್ಟೆ ಅಡಿಯಾಗಿ ಬಿದ್ದೆ. "ಎರಡು. ಅದೂ ತಿರುಗಿ ಮೇಲೆ ಬಂದ್ಯಲ್ಲ, ಅದಕ್ಕೆ." ಮದುವೆಯಲ್ಲಿ ಹೆಂಡತಿಗೆ ಮಾಲೆ ಹಾಕಿ ಇನ್ನೂ ಕೈ ಇಳಿಸಿರಲಿಲ್ಲ, ಕಿಸೆಯಲ್ಲಿ ಮೊಬೈಲ್ ಕುಂಯ್ ಎಂದಿತು. ಎದುರಿನ ಸಾಲಿನಿಂದಲೇ ಅಕ್ಕನ ಮೆಸೇಜು: "ಐದು. ಮೊಣಕಾಲು ಬಾಗಿತ್ತು." ಅವಳಿಂದ ಒಂದು ಸಲವಾದರೂ ಹತ್ತು ಪಡೆಯಬೇಕು, ಇದೊಂದೇ ನನ್ನ ಹಟ. ನಗಬೇಡಿ, ತಮ್ಮಂದಿರಿಗೆ ಇಂಥವೇ ಇರುತ್ತವೆ.

ಕೊನೆಗೆ ಕಾಯಿಲೆ ಅವಳ ಗಂಟಲಿಗೇ ಬಂತು. ಚಮಚದಲ್ಲಿ ನೀರು ಕುಡಿಸುವ ಕೆಲಸ ನನ್ನದಾಯಿತು. ಒಂದು ಮಧ್ಯಾಹ್ನ ಒಂದು ಹನಿಯೂ ಚೆಲ್ಲಲಿಲ್ಲ. ಅಕ್ಕ ಕಣ್ಣು ತೆರೆದಳು.

"ಒಂಬತ್ತೂವರೆ."

"ಅರ್ಧ ಎಲ್ಲಿ ಹೋಯ್ತೇ?"

"ಕೈ ನಡುಗ್ತು, ತಮ್ಮಾ. ಮುಂದಿನ ಸಲ ನೋಡ್ವ."

ಮುಂದಿನ ಸಲ ಬಂದದ್ದು ಕೋಡಿಬಾಗದ ಅದೇ ದಕ್ಕೆಯಲ್ಲಿ. ಅಕ್ಕನ ಬೂದಿಯ ಮಡಕೆಯನ್ನು ಮೇಲಿಂದಲೇ ಬಿಡಬಹುದು ಎಂದರು ಭಟ್ಟರು. ನಾನು ಕೇಳಲಿಲ್ಲ. ಮೆಟ್ಟಿಲಿಳಿದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮಡಕೆಯನ್ನು ಮೆಲ್ಲಗೆ ಕಾಳಿಗೆ ಇಳಿಸಿದೆ. ಕೈ ನಡುಗಲಿಲ್ಲ. ಒಂದು ಹನಿಯೂ ಚಿಮ್ಮಲಿಲ್ಲ.

ಅಭ್ಯಾಸ ನೋಡಿ, ಎಷ್ಟು ಬಂತು ಎಂದು ತಿರುಗಿ ದಕ್ಕೆಯತ್ತ ನೋಡಿದೆ.

ಭಟ್ಟರೊಬ್ಬರೇ ನಿಂತಿದ್ದರು. "ಆಯ್ತು, ಮೇಲೆ ಬನ್ನಿ" ಎಂದರು.