ಕಾಶವ್ವನಿಗೆ ವಿಶ್ರಾಂತಿ

ಮಾಗಿಯ ಚಳಿ. ಪುಟ್ಟೇನಹಳ್ಳಿ ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅಂಜನಮ್ಮನ ವಠಾರದಲ್ಲಿ ಹಾಲು ಕರೆದಾಗಿ, ಸಗಣಿ ಬಾಚುವ ಕೆಲಸ ನಡೆದಿತ್ತು. ಬಾಡಿಗೆಯ ಮನೆಯೊಳಗೆ ಕಾಶವ್ವ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅವಳಿಗೆ ಮುಟ್ಟಾದ ಮೊದಲ ದಿನ. ಹಿಂದಿನ ಸಂಜೆಯಷ್ಟೇ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ. ಸೊಪ್ಪು, ಎಳ್ಳು, ಬೆಲ್ಲ ಚೆನ್ನಾಗಿ ತಿನ್ನಲಿ. ಮುಟ್ಟಿನ ಮೂರು ದಿನ ಕೆಲಸ ಬಿಡಿಸಿ" ಎಂದು ಗಂಡ ನಾಗಲಿಂಗಪ್ಪನಿಗೆ ಹೇಳಿದ್ದರು.

ಬಿಡಿಸುವುದು ಹೇಗೆ? ಗದಗಿನ ಕಡೆಯ ಲಿಂಗವಂತರು. ಮನೆಯಲ್ಲಿ ಮುಟ್ಟಿನ ಮೈಲಿಗೆ ಇಲ್ಲ. "ನಮ್ಮತ್ತಿ ಅಂಥಾ ದಿನದಾಗೂ ಜೋಳ ಕೊಯ್ದಾಕಿ" ಎಂದು ಅವನ ತಾಯಿ ಸಂಗವ್ವ ಹೆಮ್ಮೆಪಡುತ್ತಿದ್ದಳು. ಕಾರ್ಖಾನೆಯಲ್ಲಿ ಫೋರ್‌ಮನ್ನನ ಮುಂದೆ ಗುಡುಗುವ ನಾಗಲಿಂಗಪ್ಪ ಅವ್ವನ ಮುಂದೆ ನೆನೆದ ಹಪ್ಪಳ.

ಅವನಿಗೊಂದು ಉಪಾಯ ಹೊಳೆಯಿತು. ಅಂಜನಮ್ಮನ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುತ್ತಾರೆ. ಕೂರುವುದೆಂದರೆ ಕೂರುವುದೇ ತಾನೆ? ಕೊಟ್ಟಿಗೆಗೆ ಹೋಗಿ ಮನೆಯೊಡತಿಯ ಕಿವಿಯಲ್ಲಿ ವಿಷಯ ಉಸುರಿದ.

"ಏನು? ಆಚೆ ಆಗವಳಾ? ಇಷ್ಟು ದಿನ ನಮ್ಮ ಬಾವಿ ಹಗ್ಗಾನ ಇಂಗೇ ಮುಟ್ತಿದ್ಲಾ?" ಅಂಜನಮ್ಮ ಪೊರಕೆ ಸಮೇತ ಎದ್ದಳು. "ನಮ್ಮ ವಠಾರ, ನಮ್ಮ ಪದ್ಧತಿ. ಮೂರು ದಿನ ಆಚೆ ಇರ್ಲಿ. ಒಲೆ ಹತ್ರ ಸುಳಿಯೋಂಗಿಲ್ಲ!"

"ನೀವು ಹೇಳಿದ ಮ್ಯಾಲೆ ಆತು ಬಿಡ್ರಿ ಅಮ್ಮಾರ" ಎಂದು ದುಃಖದ ಮುಖ ಮಾಡಿದ ನಾಗಲಿಂಗಪ್ಪ, ಗೇಟು ದಾಟಿದೊಡನೆ ಸಿಳ್ಳೆ ಹಾಕುತ್ತ ಸೈಕಲ್ ತುಳಿದ.

ಸಂಜೆ ಬಂದಾಗ ಕಾಶವ್ವ ಕೂತಿರಲಿಲ್ಲ. ಕೊಟ್ಟಿಗೆಯ ಗೋಡೆಗೆ ಬೆರಣಿ ತಟ್ಟುತ್ತಿದ್ದಳು. ಅವಳು ಒಗೆದು ಹಾಕಿದ ಅಂಜನಮ್ಮನ ಮನೆಯ ಕಂಬಳಿಗಳೆಲ್ಲ ಹಗ್ಗದ ಮೇಲೆ ನೀರು ಸುರಿಸುತ್ತಿದ್ದವು.

"ಇದೇನ್ರಿ ಅಮ್ಮಾರ?"

"ಒಳೀಕ್ ಬರೋಂಗಿಲ್ಲ ಅಂದೆ. ಆಚೆ ಕೆಲಸ ಬೇಡ ಅಂದ್ನಾ? ನಮ್ಮನೆ ಹೆಂಗಸ್ರೆಲ್ಲ ಇಂಗೇ ಕಣಪ್ಪ," ಎಂದಳು ಅಂಜನಮ್ಮ. "ಊಟಕ್ಕೆ ಬರೀ ಅನ್ನ ಮಜ್ಜಿಗೆ ಕೊಟ್ಟಿದೀನಿ. ಎಳ್ಳು ಬೆಲ್ಲ ಉಷ್ಣ, ನುಗ್ಗೆಸೊಪ್ಪು ಇನ್ನೂ ಉಷ್ಣ."

ಕಾಶವ್ವ ಗಂಡನನ್ನು ನೋಡಿದಳು. ಬೆರಣಿಯೊಂದು ಗೋಡೆಗೆ ಫಟ್ಟೆಂದು ಬಿತ್ತು.

ಅಷ್ಟರಲ್ಲಿ ಸಂಗವ್ವ ತಟ್ಟೆ ಹಿಡಿದು ಹೊರಗೆ ಬಂದಳು.

"ಏನೋ ಶಾಣ್ಯಾ, ಯಾರಿಗೆ ಹೇಳಿ ಹ್ವಾದಿ? ಡಾಕ್ಟರಮ್ಮನ ಮಾತು ಈಕಿ ಮುಂಜಾನೆ ಹೇಳಿದ ಕೂಡ್ಲೆ ಒಲಿ ಮುಂದಿಂದ ನಾನ ಎಬ್ಬಿಸಿ ಹಾಸಿಗಿ ಹಾಸಿಕೊಟ್ಟಿದ್ದೆ. ತಲಿ ಇಡೂದ್ರಾಗ ಈ ಅಮ್ಮಾರು ಬಂದು ಹೊರಗ ಎಳಕೊಂಡು ಹ್ವಾದ್ರು! ಕೇಳಿದ್ರ, ನಿಮ್ಮ ಮಗಾನ ಒಪ್ಪ್ಯಾನ ಅಂದ್ರು. ಪಲ್ಲೆ, ಎಳ್ಳುಂಡಿ ಮಾಡಿ ಕಾಯಾಕತ್ತೀನಿ."

"ಬೆರಣಿ ಅರ್ಧಕ್ಕೆ ಬಿಡೋಂಗಿಲ್ಲ," ಎಂದಳು ಅಂಜನಮ್ಮ.

"ಅರ್ಧಕ್ಕ ಯಾಕ ಬಿಡೂದು? ಒಪ್ಪಿದಾಂವ ತಟ್ಟತಾನ."

ಸಂಗವ್ವ ಸೊಸೆಯ ಕೈ ತೊಳೆಸಿ, ಜಗಲಿಯ ಮೇಲೆ ಕೂರಿಸಿ, ತಟ್ಟೆ ಕೊಟ್ಟಳು. ನಾಗಲಿಂಗಪ್ಪ ಪ್ಯಾಂಟು ಮಡಚಿದ. ಅವನ ಬೆರಣಿ ಒಂದೂ ಗುಂಡಗಾಗಲಿಲ್ಲ. ಭೂಪಟದ ದೇಶಗಳಂತೆ ಗೋಡೆಯ ತುಂಬ ಹರಡಿದವು. ವಠಾರವೆಲ್ಲ ನಿಂತು ನೋಡಿತು. ಎರಡನೇ ಎಳ್ಳುಂಡೆಗೆ ಕೈ ಹಾಕುವಾಗ ಕಾಶವ್ವ ನಕ್ಕಳು.

ಕತ್ತಲಾಗುವ ಹೊತ್ತಿಗೆ ಅಂಜನಮ್ಮನ ಸೊಸೆ ಮುನಿಯಲ್ಲಮ್ಮ ಇನ್ನೊಂದು ಪುಟ್ಟಿ ಸಗಣಿ ತಂದು ಅವನ ಪಕ್ಕಕ್ಕಿಟ್ಟಳು. ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದಳು:

"ಅಣ್ಣಾ, ಬರೋ ವಾರ ನಂದು. ಅವಾಗ್ಲೂ ನೀವೇ ಬರ್ತೀರಾ?"