ಟೌನೊ ಕೊರಳಿನ ರಟ್ಟು

ಗಾಜಿನ ಬೋಗುಣಿಯೊಳಗೆ ಕೈ ಹಾಕುವಾಗ ಟೌನೊ 'ಸೌಜನ್ಯ' ಬರಲಿ ಎಂದು ಬೇಡಿಕೊಂಡಿದ್ದ. ಬಂದದ್ದು 'ಸತ್ಯ'.

ಮಾಂಟ್ರಿಯಲ್‌ನಿಂದ ಬಂದಿದ್ದ ಕಲಾವಿದೆ ಓಡೆಟ್, ಥಂಡರ್ ಬೇ ಊರಿನ ಆ ಒಂದು ಬೀದಿಯನ್ನೇ ರಂಗಸ್ಥಳ ಮಾಡಿಕೊಂಡಿದ್ದಳು. ಪರದೆಯಿಲ್ಲ, ಮಾತು ಬರೆದುಕೊಟ್ಟವರೂ ಇಲ್ಲ. ಬೀದಿಯವರೆಲ್ಲ ಒಂದೊಂದು ಚೀಟಿ ಎತ್ತಬೇಕು, ಬಂದ ಮೌಲ್ಯವನ್ನು ರಟ್ಟಿನ ಮೇಲೆ ಬರೆದು ಕೊರಳಿಗೆ ಹಾಕಿಕೊಂಡು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅದರಂತೆಯೇ ಬದುಕಬೇಕು. "ನಾವು ಯಾರು ಅಂತ ನಮಗೇ ಗೊತ್ತಾಗುತ್ತೆ" ಎಂದಿದ್ದಳು ಓಡೆಟ್. ಟೌನೊಗೆ ತಾನು ಯಾರೆಂದು ಕಳೆದ ಭಾನುವಾರವೇ ಗೊತ್ತಾಗಿತ್ತು.

ಅಂದು ಕರ್ಲಿಂಗ್ ಕ್ಲಬ್ಬಿನ ಫೈನಲ್. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿ ಬರುವಾಗ ಅದರ ಮುಂದೆ ಪೊರಕೆ ಉಜ್ಜುತ್ತ ಓಡುವುದು ಟೌನೊನ ಕೆಲಸ. ಕೊನೆಯ ಕಲ್ಲಿಗೆ ಅವನ ಪೊರಕೆ ಒಂಚೂರು ತಗುಲಿತು. ಆ ಕ್ಲಬ್ಬಿನಲ್ಲಿ ತೀರ್ಪುಗಾರ ಎಂಬುವನಿಲ್ಲ. ಪೊರಕೆ ತಗುಲಿದ ಕಲ್ಲು ಲೆಕ್ಕಕ್ಕಿಲ್ಲ, ತಗುಲಿಸಿದವನೇ ಆ ಕ್ಷಣ ಬಾಯಿಬಿಟ್ಟು ಹೇಳಬೇಕು. ಟೌನೊ ಹೇಳಲಿಲ್ಲ. ಅವನ ತಂಡ ಕಪ್ ಗೆದ್ದಿತು.

ಸೋತವನು ವೆಂಡೆಲ್. ಮೂವತ್ತು ವರ್ಷದ ಗೆಳೆಯ, ಪ್ರತಿ ಶನಿವಾರ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಜೊತೆಗೆ ಕೂತು ಮೀನು ಹಿಡಿಯುವವನು, ಕ್ಲಬ್ಬಿನ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡವನು. ಹನ್ನೊಂದು ವರ್ಷದಿಂದ ಆ ಕಪ್ಪಿಗೆ ಕಾದಿದ್ದ. ಗೆದ್ದವರು ಸೋತವರಿಗೆ ಬಿಯರ್ ಕೊಡಿಸುವುದು ಪದ್ಧತಿ. ಟೌನೊ ಕೊಡಿಸಿದ್ದನ್ನು ವೆಂಡೆಲ್ ನಗುತ್ತಲೇ ಕುಡಿದ. ಅಂದಿನಿಂದ ಟೌನೊಗೆ ಊಟ ಸೇರಿರಲಿಲ್ಲ. ಹೇಳಿದರೆ ಗೆಳೆತನ ಹೋಗುತ್ತದೆ, ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಈಗ ಅವನ ಕೋಟಿನ ಮೇಲೆ ಎದ್ದು ಕಾಣುವ ಹಾಗೆ ಹೆಂಡತಿ ಐಲಿ ರಟ್ಟಿಗೆ ಪಿನ್ನು ಚುಚ್ಚಿದಳು. ಅವಳಿಗೆ ಬಂದಿದ್ದು 'ತಾಳ್ಮೆ'.

"ನಾನು ಹೆಣೆದ ಟೋಪಿ ಹೇಗಿದೆ?"

"ತಲೆ ಕೆರೆಯುತ್ತೆ."

ಐಲಿ ಹಲ್ಲು ಕಚ್ಚಿಕೊಂಡು ನಕ್ಕಳು. "ಐದು ಗಂಟೆ ಆಗಲಿ, ಇರು."

ಬಾಗಿಲು ತೆಗೆದರೆ ಎದುರಿಗೇ ವೆಂಡೆಲ್. ಕೊರೆಯುವ ಚಳಿಗೆ ಕೋಟಿನ ಜಿಪ್ಪನ್ನು ಗದ್ದದವರೆಗೂ ಎಳೆದುಕೊಂಡಿದ್ದ. ಟೌನೊನ ರಟ್ಟು ಓದಿ ಅವನ ಕಣ್ಣು ಅರಳಿತು.

"ಸತ್ಯಾನಾ? ಒಳ್ಳೇದಾಯ್ತು. ನನಗೇನಾದ್ರೂ ಹೇಳೋದಿದೆಯೇನಯ್ಯಾ?"

"ಸ್ಟೆಫಾನಿಯಾ ಮನೆ ಹೀಟರ್ ಕೆಟ್ಟಿದೆ, ಹೋಗ್ಬೇಕು" ಎಂದು ಟೌನೊ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಹೀಟರ್ ರಿಪೇರಿ ಅವನ ಕಸುಬು, ಮಾತೂ ಸುಳ್ಳಲ್ಲ.

ಅದೇ ಬೀದಿಯ, ಎಪ್ಪತ್ತು ದಾಟಿದ ಸ್ಟೆಫಾನಿಯಾ ಅವನನ್ನು ನೆಲಮಾಳಿಗೆಗೆ ಇಳಿಯಲು ಬಿಡದೆ ಬೀಟ್‌ರೂಟ್ ಸೂಪು ಬಡಿಸಿ ಎದುರಿಗೆ ಕೂತಳು. "ಹೇಗಿದೆ, ಮಗಾ?"

"ಉಪ್ಪು ಜಾಸ್ತಿ."

"ಇವತ್ತಾ?"

"ಯಾವಾಗ್ಲೂ."

ಮುದುಕಿ ಬಟ್ಟಲು ಎಳೆದುಕೊಂಡು ಒಳಗೆ ಹೋದಳು. ಟೌನೊಗೆ ಆ ಸೂಪಿಗಿಂತ ವೆಂಡೆಲನದೇ ಚಿಂತೆ. ಅವನು ಅಂದು ನೋಡಿಬಿಟ್ಟಿದ್ದನೇ?

ಮಧ್ಯಾಹ್ನ ಬೇಕರಿಯಲ್ಲಿ ಗುಲಾಬಿ ಬಣ್ಣದ ಸಿಹಿ ಬನ್ನು ಬಾಯಿಗಿಡುವಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು.

"ನೆನಪು ಮಾಡ್ಕೋ ಮಾರಾಯ" ಎಂದ ವೆಂಡೆಲ್, ದನಿ ತಗ್ಗಿಸಿ. "ಮೂವತ್ತು ವರ್ಷದಲ್ಲಿ ನನಗೆ ಒಂದಾದ್ರೂ ಅನ್ಯಾಯ ಮಾಡಿದ್ದೀಯಾ?"

ಟೌನೊ ಇಡೀ ಬನ್ನನ್ನು ಬಾಯಿಗೆ ತುರುಕಿದ. ಬಾಯಿ ತುಂಬಿದವನು ಸುಳ್ಳಾಡಲಾರ, ಸತ್ಯವನ್ನೂ ಆಡಲಾರ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದ. ಅವನಿಗೆ ಅನುಮಾನ ಉಳಿಯಲಿಲ್ಲ. ಬೇಟೆ ಶುರುವಾಗಿತ್ತು.

ಮೂರು ಗಂಟೆಗೆ ಮನೆಯ ಮುಂದೆ ವೆಂಡೆಲನ ಟ್ರಕ್ಕು ನಿಂತಿತ್ತು. ಟೌನೊ ಹಿತ್ತಲ ಬೇಲಿ ಹಾರಿ, ಮತ್ತೆ ಸ್ಟೆಫಾನಿಯಾಳ ನೆಲಮಾಳಿಗೆ ಸೇರಿಕೊಂಡು, ಬೆಳಗ್ಗೆಯೇ ತಾನು ಸರಿಮಾಡಿದ್ದ ಹೀಟರನ್ನು ಎರಡು ಸಲ ಬಿಚ್ಚಿ ಜೋಡಿಸಿದ. ಮೇಲಿನಿಂದ ಮುದುಕಿ, "ವೆಂಡೆಲ್ ಬಂದಿದ್ದ. ಏನೋ ತುಂಬಾ ಅರ್ಜೆಂಟಂತೆ" ಎಂದು ಕೂಗಿದಳು. ಸೂಪಿನ ಸೇಡು ಅವಳ ದನಿಯಲ್ಲೇ ಇತ್ತು.

ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಎಲ್ಲರೂ ಕರ್ಲಿಂಗ್ ಕ್ಲಬ್ಬಿನಲ್ಲಿ ವೃತ್ತಾಕಾರವಾಗಿ ನಿಂತರು. ಟೌನೊ ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಢಣ್ ಎಂದು ಓಡೆಟ್ ಗಂಟೆ ಬಾರಿಸಿದಳು. "ಐದಾಯ್ತು. ಪ್ರಯೋಗ ಮುಗೀತು. ರಟ್ಟು ತೆಗೀಬಹುದು."

ಟೌನೊ ರಟ್ಟು ಕಿತ್ತ. ಒಂದು ಸುಳ್ಳೂ ಆಡದೆ, ಆ ಒಂದು ಸತ್ಯವನ್ನೂ ಆಡದೆ ಪಾರಾಗಿದ್ದ. ವಾರದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು.

"ಒಂದು ಮಾತು" ಎಂದು ವೆಂಡೆಲ್ ಮುಂದೆ ಬಂದ. ಟೌನೊನ ಹೆಗಲ ಮೇಲೆ ಕೈಯಿಟ್ಟ. "ಈ ಮನುಷ್ಯ ಸೂಪು ಉಪ್ಪು ಅಂತ ಮುಖಕ್ಕೇ ಹೇಳಿದಾನೆ. ಬೆಳಗ್ಗೆಯಿಂದ ಕೆದಕಿದ್ರೂ ನನಗೆ ಮಾಡಿದ ಒಂದು ತಪ್ಪೂ ಇವನಿಗೆ ನೆನಪಾಗ್ಲಿಲ್ಲ. ಯಾಕೆ? ಮಾಡಿದ್ರೆ ತಾನೆ. ಚಿನ್ನದಂಥ ಮನುಷ್ಯ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೈದಿದ್ದರೆ ಟೌನೊ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

"ಕಲ್ಲಿಗೆ ಪೊರಕೆ ತಗುಲಿತ್ತು" ಎಂದ. "ಭಾನುವಾರ. ಕೊನೇ ಕಲ್ಲು. ನಾನು ಹೇಳ್ಲಿಲ್ಲ. ಕಪ್ ನಿಂದು, ವೆಂಡೆಲ್."

ಚಪ್ಪಾಳೆ ನಿಂತಿತು. ವೆಂಡೆಲ್ ಹೆಗಲಿನಿಂದ ಕೈ ತೆಗೆದು ನಿಧಾನವಾಗಿ ಕೋಟಿನ ಜಿಪ್ಪು ಇಳಿಸಿದ. ಒಳಗೆ ಅವನ ರಟ್ಟು ಇನ್ನೂ ನೇತಾಡುತ್ತಿತ್ತು. ಅದರ ಮೇಲೆ 'ಕ್ಷಮೆ' ಎಂದಿತ್ತು.

"ಬೆಳಗ್ಗೆಯಿಂದ ಕ್ಷಮಿಸೋಕೆ ಯಾರಾದ್ರೂ ಸಿಗ್ತಾರಾ ಅಂತ ಬೀದಿ ಬೀದಿ ಅಲೆದೆ" ಎಂದ. "ಯಾರೂ ನನಗೆ ಕೇಡು ಮಾಡಿರ್ಲಿಲ್ಲ. ನೀನಾದ್ರೂ ಸಣ್ಣಪುಟ್ಟದ್ದು ಏನಾದ್ರೂ ಮಾಡಿರ್ತೀಯ ಅಂತ ಮೂರು ಸಲ ಬಂದೆ."

"ಈಗ ಸಿಕ್ತಲ್ಲ" ಎಂದ ಟೌನೊ, ಆಸೆಯಿಂದ.

ವೆಂಡೆಲ್ ಗಡಿಯಾರ ನೋಡಿದ. ಐದು ಗಂಟೆ ಏಳು ನಿಮಿಷ. ರಟ್ಟು ತೆಗೆದು ಓಡೆಟ್ಟಳ ಪೆಟ್ಟಿಗೆಗೆ ಹಾಕಿದ.

"ಕಲ್ಲು ಓಡ್ತಿರುವಾಗ್ಲೇ ಹೇಳ್ಬೇಕು, ಟೌನೊ. ನಿಂತ ಮೇಲಲ್ಲ."

ಕಪಾಟಿನಿಂದ ಕಪ್ಪನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡ.

"ಶನಿವಾರ ಕೆರೆಗೆ..." ಎಂದು ಟೌನೊ ತಡವರಿಸಿದ.

"ಕೆರೆ ದೊಡ್ಡದಿದೆ. ಬೇರೆ ಕಡೆ ತೂತು ಕೊರ್ಕೋ."

ಬಾಗಿಲು ಮುಚ್ಚಿಕೊಂಡಿತು. ಒಂದು ಸಮಾಧಾನದ ಮಾತಿಗಾಗಿ ಟೌನೊ ಹೆಂಡತಿಯ ಕಡೆ ತಿರುಗಿದ. ಐಲಿ ತನ್ನ ಕೋಟಿನಿಂದ 'ತಾಳ್ಮೆ'ಯ ಪಿನ್ನು ಬಿಚ್ಚುತ್ತಿದ್ದಳು.

"ಈಗ ಹೇಳು" ಎಂದಳು. "ಟೋಪಿಗೆ ಏನಂದೆ?"