ಬಟ್ಟೆ ಖಾಲಿ ಹೋಗಬಾರದು

ನೂರ ಎಂಬತ್ತೇಳನೆಯ ಕೊಳವೆಯನ್ನು ಒರೆಸುತ್ತಿದ್ದಾಗ ಗೇಟಿನ ಬಳಿ ಜೀಪಿನ ಹಾರ್ನ್ ಕೇಳಿಸಿತು. ಸನೋಬರ್ ತಲೆಯೆತ್ತಲಿಲ್ಲ. ಇನ್ನೂ ಹದಿಮೂರು ಉಳಿದಿದ್ದವು.

ಬೆರಳು ದಪ್ಪದ, ಮೂರಾಳುದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳು. ಮುಖ ನೋಡಿಕೊಂಡರೆ ಮೂಗೊಂದೇ ಗಲ್ಲದವರೆಗೆ ಇಳಿದಂತೆ ಕಾಣುವ ಹೊಳಪು. ಅನಿಲ ಪಂಪು ಮಾಡುವ ಸ್ಟೇಷನ್ನಿನ ಉಗ್ರಾಣವದು; ಅದರ ಗೋಡೆಯಾಚೆ ಮರಳುಗಾಡಿನಿಂದ ಬರುವ ದೊಡ್ಡ ಅನಿಲದ ಪೈಪು ಮಲಗಿತ್ತು. ಆ ಪೈಪಿನ ಹೊಟ್ಟೆಯೊಳಗೆ ಎಷ್ಟು ಒತ್ತಡವಿದೆ ಎಂದು ಮೀಟರುಗಳಿಗೆ ಹೋಗಿ ಚಾಡಿ ಹೇಳುವುದು ಈ ಸಣ್ಣ ಕೊಳವೆಗಳ ಕೆಲಸ.

ಇಪ್ಪತ್ತೆರಡು ವರ್ಷದಿಂದ ಈ ಉಗ್ರಾಣದ ಕೀಲಿಕೈ ಸನೋಬರಳ ಸೊಂಟದಲ್ಲಿತ್ತು. ಅದು ನೇತಾಡುವ ಜಾಗದಲ್ಲಿ ಚರ್ಮದ ಮೇಲೊಂದು ಕಪ್ಪು ಗುರುತೇ ಬಿದ್ದಿತ್ತು. ಊರೆಲ್ಲ ಸ್ಟೇಷನ್ನಿನ ಸಾಮಾನಿನಿಂದಲೇ ಎದ್ದು ನಿಂತ ಊರು. ದ್ರಾಕ್ಷಿ ಬಳ್ಳಿ ಹಬ್ಬಿದ್ದು ಸ್ಟೇಷನ್ನಿನ ಪೈಪಿನ ಮೇಲೆ, ಕಬಾಬು ಸುಡುವುದು ಸ್ಟೇಷನ್ನಿನ ಸರಳಿನಲ್ಲಿ, ಕೋಳಿಗೂಡಿನ ಬಾಗಿಲಿಗೂ ಸ್ಟೇಷನ್ನಿನದೇ ತಿರುಪು. ಸನೋಬರಳ ಮನೆಯಲ್ಲಿ ಮಾತ್ರ ಪರದೆ ನೇತಾಡುತ್ತಿದ್ದುದು ಹಿಪ್ಪುನೇರಳೆ ಕೋಲಿಗೆ. ಆ ಕೋಲು ನಡುವೆ ಬಾಗಿ, ಪರದೆ ಯಾವಾಗಲೂ ಅಳುಮೋರೆ ಹಾಕಿಕೊಂಡಿರುತ್ತಿತ್ತು.

ಇವತ್ತು ಎರಡು ಕೆಲಸ ಒಟ್ಟಿಗೇ ಬಂದಿದ್ದವು. ತಾಷ್ಕೆಂಟಿನಿಂದ ಕೊಳವೆ ಪರೀಕ್ಷಿಸುವ ಅಧಿಕಾರಿ ಬರುವುದು. ಮಗಳು ನಫೀಸಾಳ ಮಗುವನ್ನು ಮಧ್ಯಾಹ್ನ ತೊಟ್ಟಿಲಿಗೆ ಹಾಕುವುದು. ತೊಟ್ಟಿಲು ಕೊಡಬೇಕಾದವಳು ತಾಯಿಯ ತಾಯಿ. ಮನೆತನದ ಹಳೆಯ ತೊಟ್ಟಿಲು ಬೆಳಿಗ್ಗೆಯೇ ಎರಡು ಬೀದಿ ಆಚೆ ಬೀಗರ ಮನೆಗೆ ಹೋಗಿತ್ತು.

ಅಧಿಕಾರಿ ಮಿರ್ವೋಹಿದ್ ಒಳಗೆ ಬಂದರು. ಐವತ್ತೈದರ ಆಸುಪಾಸು, ಇಸ್ತ್ರಿ ಮಾಡಿದಂಥ ಮುಖ. ಕೊಳವೆಗಳ ಮೇಲೆ ಉಗುರಿನಿಂದ ಟಿಣ್ ಟಿಣ್ ಎಂದು ಬಡಿದರು. ಕನ್ನಡಕ ಹಣೆಗೇರಿಸಿದರು.

"ಚೆನ್ನಾಗಿ ಇಟ್ಟಿದ್ದೀರಮ್ಮ. ಎಲ್ಲಿ, ಸಾಕ್ಷಿ ಕೊಡಿ."

ಪ್ರತಿ ಸಲ ಕೊಳವೆ ಬಂದಾಗಲೂ ಅದರ ಜೊತೆ ಗೇಣುದ್ದದ ಒಂದು ತುಂಡು ಬರುತ್ತದೆ. ಅದರ ಮೇಲೆ ನಂಬರು ಕೊರೆದಿರುತ್ತದೆ. ಲ್ಯಾಬಿನಲ್ಲಿ ಅದನ್ನು ಬಗ್ಗಿಸಿ, ಹಿಗ್ಗಿಸಿ, ಹಿಂಸೆ ಕೊಟ್ಟು, ಉಳಿದ ಕೊಳವೆಗಳ ಗುಣ ನಿಜವೋ ಸುಳ್ಳೋ ಎಂದು ಅದರ ಬಾಯಿ ಬಿಡಿಸುತ್ತಾರೆ. ಅದಕ್ಕೇ ಅದರ ಹೆಸರು ಸಾಕ್ಷಿ. ಹೋದ ಸಲದ ಸಾಕ್ಷಿಯನ್ನು ಕ್ಯಾಂಟೀನಿನ ಅಡುಗೆಯವನು ಒಲೆ ಊದಲು ಒಯ್ದಿದ್ದ. ಈ ಸಲ ಹಾಗಾಗಬಾರದೆಂದು ಸನೋಬರ್ ಅದನ್ನು ಒಂದು ಹೂವಿನ ಬಟ್ಟೆಯಲ್ಲಿ ಸುತ್ತಿ ತನ್ನ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಮೂರು ದಿನದಿಂದ ಸಾಕ್ಷಿ ಅವಳ ಜೊತೆಗೇ ಮನೆಗೆ ಹೋಗಿ ಅವಳ ಜೊತೆಗೇ ಕೆಲಸಕ್ಕೆ ಬರುತ್ತಿತ್ತು.

ಅವಳು ಬಟ್ಟೆಯನ್ನು ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆ ಬಿಡಿಸಿದಳು. ಒಳಗಿತ್ತು, ಬಾಯಿ ಸೀಳಿದ ಮರದ ಹಳೆಯ ಸುಮಾಕು.

ತೊಟ್ಟಿಲಲ್ಲಿ ಮಗುವನ್ನು ಪಟ್ಟಿಗಳಿಂದ ಬಿಗಿದು ಮಲಗಿಸಿದಾಗ, ಅದರ ಉಚ್ಚೆಯನ್ನು ಹಾಸಿಗೆಗೆ ತಾಕಿಸದೆ ಕೆಳಗಿನ ಕುಡಿಕೆಗೆ ಇಳಿಸುವ ಕೊಳವೆಯೇ ಸುಮಾಕು.

"ಇದೇನಮ್ಮ?"

"ಅದು... ಸುಮಾಕು."

"ಸುಮಾಕು ಅಂತ ಗೊತ್ತು. ನಾನೂ ತೊಟ್ಟಿಲಲ್ಲೇ ಬೆಳೆದವನು. ಇದನ್ನ ಲ್ಯಾಬಿನವರು ಎಷ್ಟು ಒತ್ತಡಕ್ಕೆ ಪರೀಕ್ಷೆ ಮಾಡ್ಬೇಕು, ಹೇಳಿ?"

ಸನೋಬರಳಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಹಳೆಯದು ಸೀಳಿದೆ, ಪೇಟೆಯಿಂದ ಹೊಸ ಸುಮಾಕು ತನ್ನಿ ಎಂದು ಗಂಡ ಎರ್ಗಶನಿಗೆ ಎರಡು ವಾರದಿಂದ ಹೇಳುತ್ತಿದ್ದಳು. ನಿನ್ನೆ ಸಂಜೆ ಅವನು "ಅದಾಯ್ತು, ಬಿಡು" ಎಂದು ಸಿಳ್ಳೆ ಹಾಕುತ್ತಾ ಓಡಾಡಿದ್ದ. ಎರ್ಗಶ್ ಬಸ್ಸು ರಿಪೇರಿಯವನು. ಅವನು ಸಿಳ್ಳೆ ಹಾಕಿದನೆಂದರೆ ಎಲ್ಲೋ ಏನೋ ಕಳಚಿದೆ ಎಂದೇ ಅರ್ಥ.

"ಸಾಕ್ಷಿ ಮನೇಲಿದೆ ಸ್ವಾಮಿ," ಎಂದಳು.

"ಸಾಕ್ಷಿ ಇಲ್ದೆ ನಾನು ಹೊರಡಲ್ಲ. ಸಿಗ್ಲಿಲ್ಲ ಅಂದ್ರೆ ಇನ್ನೂರು ಕೊಳವೆನೂ ವಾಪಸ್. ಸೊಂಟದಲ್ಲಿದೆಯಲ್ಲ ಕೀಲಿಕೈ, ಅದೂ ನನ್ನ ಕೈಗೆ. ನಡೀರಿ ನಿಮ್ಮ ಮನೆಗೆ."

ಸನೋಬರ್ ಮರದ ಸುಮಾಕನ್ನೂ ಬಟ್ಟೆಯನ್ನೂ ಚೀಲಕ್ಕೆ ತುರುಕಿಕೊಂಡು ಹೊರಟಳು. ಗೇಟಿನ ಕಾವಲುಗಾರ ಶೋದ್ಮೋನನ ಕಿವಿಗೆ ಬಿದ್ದದ್ದು ಇಷ್ಟು: ತಾಷ್ಕೆಂಟಿನ ಅಧಿಕಾರಿ, ಸಾಕ್ಷಿ, ಸನೋಬರಕ್ಕ, ನಡೀರಿ. ಅವನು ಹೆಂಡತಿಗೆ ಫೋನು ಮಾಡಿದ. ಜೀಪು ಹತ್ತು ನಿಮಿಷದ ದಾರಿ ಸವೆಸುವುದರೊಳಗೆ, ಸನೋಬರಳ ಮೇಲೆ ಕೇಸಾಗಿದೆ, ಸಾಕ್ಷಿ ಬೇಕಂತೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಮೈಗೆ ಒಂದಿಷ್ಟು ಮಾಂಸ ತುಂಬಿಕೊಂಡು ವಾಪಸು ಬಂದಿತ್ತು.

ಜೀಪಿನಿಂದ ಇಳಿದಾಗ ಬಾಗಿಲಲ್ಲಿ ಹನ್ನೊಂದು ಸಾಕ್ಷಿಗಳು ನಿಂತಿದ್ದರು. ತೊಟ್ಟಿಲ ಶಾಸ್ತ್ರಕ್ಕೆಂದು ಉಟ್ಟ ರೇಷ್ಮೆಯಲ್ಲೇ.

ಪಕ್ಕದ ಮನೆಯ ಬೊಸ್ತೋನ್ ಮೊದಲು ನುಗ್ಗಿದಳು. "ಸ್ವಾಮೀ, ನಾನು ಸಾಕ್ಷಿ! ಮೂವತ್ತು ವರ್ಷದಿಂದ ಇವಳ ಗೋಡೆಗೆ ನಮ್ಮ ಗೋಡೆ. ಇವಳು ಒಂದು ಮೊಳೆ ಮನೆಗೆ ತಂದವಳಲ್ಲ. ನನ್ನ ದ್ರಾಕ್ಷಿ ಬಳ್ಳಿ ನೆಲಕ್ಕೆ ಬಿದ್ದು ಸಾಯ್ತಾ ಇತ್ತು, ಒಂದು ಮಾರು ಪೈಪು ಕೊಡೇ ಅಂತ ಕಾಲು ಹಿಡಿದೆ. ಕೊಟ್ಟಳಾ? ಕೇಳಿ, ಕೊಟ್ಟಳಾ ಅಂತ!"

"ಈ ತುಂಡು ಹೋಗಿದ್ದು ಯಾವಾಗ?" ಮಿರ್ವೋಹಿದ್ ಕೇಳಿದರು.

"ಯಾವಾಗಾದ್ರೂ ಆಗ್ಲಿ, ಇವಳು ಮನೇಲೇ ಇದ್ಲು. ನಾನು ನೋಡಿದೀನಿ," ಎಂದಳು ಇನ್ನೊಬ್ಬಳು.

"ನನ್ನ ಗಂಡನಿಗೆ ಒಂದು ವಾಷರ್ ಕೊಡ್ಲಿಲ್ಲ. ನಮ್ಮನೆ ನಲ್ಲಿ ಒಂದು ಚಳಿಗಾಲ ಪೂರ್ತಿ ಸೋರಿತು. ಬರ್ಕೊಳ್ಳಿ ಸ್ವಾಮಿ, ಬರ್ಕೊಳ್ಳಿ!" ಎಂದಳು ಮತ್ತೊಬ್ಬಳು.

ಇಪ್ಪತ್ತೆರಡು ವರ್ಷದ ಪ್ರಾಮಾಣಿಕತೆ ಹೀಗೆ ಒಂದೇ ಸಲಕ್ಕೆ ದೂರಿನ ಪಟ್ಟಿಯಾಗಿ ತನ್ನ ಮುಂದೆ ಬಿಚ್ಚಿಕೊಳ್ಳುತ್ತದೆಂದು ಸನೋಬರ್ ಎಣಿಸಿರಲಿಲ್ಲ. ಇವರೆಲ್ಲ ಇಷ್ಟು ದಿನ ನಗುತ್ತಾ ರೊಟ್ಟಿ ಮುರಿದು ಕೊಟ್ಟವರು. ಮನಸ್ಸಿನೊಳಗೆ ಒಬ್ಬೊಬ್ಬರೂ ಒಂದೊಂದು ವಾಷರ್ ಇಟ್ಟುಕೊಂಡಿದ್ದರು. ಕಣ್ಣು ತುಂಬಿ ಬಂತು. ಈ ಹೊತ್ತಿನಲ್ಲಿ ಅತ್ತರೆ ತಪ್ಪೊಪ್ಪಿಕೊಂಡಂತೆ ಕಾಣುತ್ತದೆಂದು ಕೆಮ್ಮಿದಳು.

ಮನೆಯಲ್ಲಿ ಎರ್ಗಶ್ ಇರಲಿಲ್ಲ. ಬೀಗರ ಅಂಗಳದಲ್ಲಿ ಪಲಾವಿನ ಕೊಪ್ಪರಿಗೆಯ ಮುಂದೆ ನಿಂತಿದ್ದ. ಅಧಿಕಾರಿ, ಸನೋಬರ್, ಹನ್ನೊಂದು ಸಾಕ್ಷಿಗಳು, ಎಲ್ಲರೂ ಮೆರವಣಿಗೆಯಾಗಿ ಅಲ್ಲಿಗೆ ಹೋದರು.

"ನನ್ನ ಚೀಲದಲ್ಲಿದ್ದ ಕೊಳವೆ ಎಲ್ರೀ?"

ಎರ್ಗಶನ ಮುಖ ಅರಳಿತು. "ನೋಡಿದ್ಯಾ? ಹೇಗಿದೆ? ಒಂದು ತುದಿ ಬಗ್ಗಿಸಿದೆ, ಬಾಯಿ ಅಗಲ ಮಾಡಿದೆ, ಮಗೂಗೆ ಚುಚ್ಚಬಾರದು ಅಂತ ಅಂಚನ್ನ ಕೆನ್ನೆಗೆ ಒತ್ತಿ ಒತ್ತಿ ನೋಡ್ಕೊಂಡು ಉಜ್ಜಿದೀನಿ. ಎಣ್ಣೆ ಕುಡಿಸಿದೀನಿ. ಇಡೀ ಬುಖಾರಾದಲ್ಲಿ ಅಂಥ ಸುಮಾಕಿಲ್ಲ!"

"ಯಾರನ್ನ ಕೇಳಿ ತಗೊಂಡ್ರಿ?"

ಅವನು ಸೌಟು ಕೆಳಗಿಟ್ಟ. "ಕೇಳೋದೇನು? ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ನೀನು ಮನೆಗೆ ಅಂತ ಏನೋ ತಂದಿದೀಯ. ಮೊಮ್ಮಗನಿಗೆ ಅಂತ ತಂದು, ಹೇಳೋಕೆ ನಾಚ್ಕೊಂಡು ಬಟ್ಟೇಲಿ ಸುತ್ತಿಟ್ಟಿದೀಯ ಅಂದ್ಕೊಂಡೆ." ಸೌಟನ್ನು ಮತ್ತೆ ಎತ್ತಿಕೊಂಡು ಹೇಳಿದ: "ಖುಷಿಯಾಯ್ತು ಕಣೇ."

"ಮತ್ತೆ ಹಳೇದನ್ನ ಯಾಕೆ ಅದರಲ್ಲಿಟ್ರಿ?"

"ಬಟ್ಟೆ ಖಾಲಿ ವಾಪಸ್ ಇಡ್ತಾರಾ ಯಾರಾದ್ರೂ?"

ಯಾರೂ ಇಡುವುದಿಲ್ಲ. ತಟ್ಟೆಯಾಗಲಿ, ಬಟ್ಟೆಯಾಗಲಿ, ಬಂದದ್ದು ಖಾಲಿ ಹೋಗಬಾರದು.

ಒಳಗೆ ತೊಟ್ಟಿಲ ಬಳಿ ಬೀಗಿತ್ತಿ ಮವ್ಲುದಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಮಗುವನ್ನು ಆಗಲೇ ಬಿಗಿದು ಮಲಗಿಸಿಯಾಗಿತ್ತು.

"ಶ್! ತೊಟ್ಟಿಲಲ್ಲಿ ಮೊದಲನೇ ನಿದ್ದೆ. ತಾಷ್ಕೆಂಟಿನವರಾಗ್ಲಿ, ಚಂದ್ರಲೋಕದವರಾಗ್ಲಿ, ಮಗು ಏಳೋತನಕ ಮುಟ್ಟೋ ಹಾಗಿಲ್ಲ."

"ನಿಮ್ಮ ಸಾಕ್ಷಿ ಈಗ ಎಲ್ಲಿದೆ?" ಮಿರ್ವೋಹಿದ್ ಪಿಸುಗುಟ್ಟಿದರು.

ಸನೋಬರ್ ತೊಟ್ಟಿಲ ಕೆಳಗೆ ಬೆರಳು ತೋರಿಸಿದಳು. "ಕೆಲಸದಲ್ಲಿದೆ."

ಅಧಿಕಾರಿ ಇಸ್ತ್ರಿಯ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ, ಕುಡಿಕೆಯ ಪಕ್ಕಕ್ಕೆ ತಲೆ ಹಾಕಿ, ಟಾರ್ಚು ಬಿಟ್ಟು ನಂಬರು ಓದಿದರು. ಎದ್ದಾಗ ಅವರ ಮುಖದ ಇಸ್ತ್ರಿ ಸ್ವಲ್ಪ ಕೆಟ್ಟಿತ್ತು.

"ಬಗ್ಗಿಸಿದ್ದಾರೆ, ಬಿರುಕಿಲ್ಲ. ಬಾಯಿ ಹಿಗ್ಗಿಸಿದ್ದಾರೆ, ಸೀಳಿಲ್ಲ. ಸೋರಿಕೆಯ ಪರೀಕ್ಷೆ... ಈಗ ತಾನೇ ನನ್ನ ಕಣ್ಣೆದುರಿಗೇ ನಡೀತು. ಲ್ಯಾಬಿನವರು ಇನ್ನೇನು ಮಾಡ್ತಾರೆ, ಇದನ್ನೇ ಮಾಡೋದು. ಆದ್ರೆ ತುಂಡು ಅವರ ಕೈ ಸೇರ್ಬೇಕು. ಅವರ ಮುದ್ರೆ ಬಿದ್ರೆ ನಿಮ್ಮ ಕೀಲಿಕೈ ನಿಮಗೇ."

ಮಗು ಏಳುವವರೆಗೆ ಅಧಿಕಾರಿಗೆ ಎರಡು ತಟ್ಟೆ ಪಲಾವು, ಏಳು ಬಟ್ಟಲು ಹಸಿರು ಚಹಾ ಇಳಿಯಿತು. ಹನ್ನೊಂದು ಸಾಕ್ಷಿಗಳೂ ಸುತ್ತ ಕೂತು ಬಡಿಸಿದರು. ಬೊಸ್ತೋನ್ ತನ್ನ ದ್ರಾಕ್ಷಿ ಬಳ್ಳಿಯ ಕತೆಯನ್ನು ಇನ್ನೊಮ್ಮೆ ಹೇಳಿದಳು.

ಮಗು ಎದ್ದು ಕಿರುಚಿತು. ಅಂಗಳದಲ್ಲಿ ಸಿಹಿ ಎರಚಿದರು. ಆ ಗದ್ದಲದಲ್ಲಿ ಮವ್ಲುದಾ ಸನೋಬರಳ ಕೈಯಿಂದ ಹೂವಿನ ಬಟ್ಟೆ ಇಸಿದುಕೊಂಡು, "ತೊಳೆದು ತರ್ತೀನಿ, ಅತಿಥಿಗಳ ಕೈಗೆ ಹಾಗೇ ಕೊಡೋಕಾಗುತ್ತಾ?" ಎಂದು ಒಳಗೆ ಹೋದಳು. ಸುತ್ತಿದ ಗಂಟು ತಂದು ಎರಡೂ ಕೈಯಲ್ಲಿ ಮಿರ್ವೋಹಿದರಿಗೆ ಕೊಟ್ಟಳು. ಅವರಿಗೆ ಬಿಚ್ಚಿ ನೋಡುವ ಆಸೆಯೇನೂ ಇರಲಿಲ್ಲ. ಆ ವಸ್ತು ಎಲ್ಲಿಂದ ಬಂದದ್ದೆಂದು ಈಗಷ್ಟೇ ನೋಡಿದ್ದರು. ಬಟ್ಟೆಯ ಮೇಲೆಯೇ ದಾರ ಬಿಗಿದು, ಅರಗು ಸುರಿದು, ಮುದ್ರೆ ಒತ್ತಿದರು. ಜೀಪು ತಾಷ್ಕೆಂಟಿನ ದಾರಿ ಹಿಡಿಯಿತು. ಬೀದಿಯೆಲ್ಲ ಕೈಬೀಸಿತು.

ನೆಂಟರು ಕರಗಿದ ಮೇಲೆ ಸನೋಬರ್ ತೊಟ್ಟಿಲ ಪಕ್ಕ ಕೂತಳು. ಮಗು ಮತ್ತೆ ಮಲಗಿತ್ತು. ಹಾಸಿಗೆ ಒಣಗಿದ್ದುದನ್ನು ಕೈಯಿಂದ ಮುಟ್ಟಿ ನೋಡಿದಳು. ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನ ಹೋಯಿತು: ಕೊಳವೆಯಿಲ್ಲದೆ ಹಾಸಿಗೆ ಒಣಗಿರುವುದು ಹೇಗೆ? ಬಗ್ಗಿ ನೋಡಿದಳು. ಸಂಜೆಯ ಬೆಳಕಿನಲ್ಲಿ ಸ್ಟೀಲು ಫಳಫಳ ಹೊಳೆಯುತ್ತಿತ್ತು. ನಂಬರೂ ಇತ್ತು.

"ಬೀಗಿತ್ತೀ," ಸನೋಬರ್ ಮೆಲ್ಲಗೆ ಕೇಳಿದಳು, "ಬಟ್ಟೇಲಿ ಏನು ಸುತ್ತಿಕೊಟ್ರಿ?"

"ನಿಮ್ಮ ಚೀಲದಲ್ಲಿ ಹಳೇ ಮರದ್ದು ಇತ್ತಲ್ಲ, ಅದನ್ನೇ. ಸ್ಟೀಲಿನದ್ರಲ್ಲಿ ಮಗು ಎಷ್ಟು ಚೆನ್ನಾಗಿ ಮಲಗ್ತು, ನೋಡಿದ್ರಲ್ಲ. ಅದನ್ನ ಯಾರಾದ್ರೂ ಕೊಡ್ತಾರಾ?" ಮವ್ಲುದಾ ಬಟ್ಟಲು ಜೋಡಿಸುತ್ತಾ ಹೇಳಿದಳು. "ಹಾಗಂತ ಬಟ್ಟೆ ಖಾಲಿ ಕಳಿಸೋಕೂ ಆಗಲ್ಲ."

ಸನೋಬರಳ ಫೋನಿನಲ್ಲಿ ಮಿರ್ವೋಹಿದರ ನಂಬರಿತ್ತು. ಜೀಪು ಇನ್ನೂ ಬಹಳ ದೂರ ಹೋಗಿರಲಾರದು. ಹೊರಗೆ ಕೊಪ್ಪರಿಗೆ ತಿಕ್ಕುತ್ತಾ ಎರ್ಗಶ್ ಸಿಳ್ಳೆ ಹಾಕುತ್ತಿದ್ದ. ಖುಷಿಯಾಯ್ತು ಕಣೇ ಎಂದು ಅವನು ಹಿಂದೆ ಯಾವಾಗ ಅಂದಿದ್ದನೋ ಅವಳಿಗೆ ನೆನಪಾಗಲಿಲ್ಲ.

ಅವಳು ಫೋನನ್ನು ಚೀಲದ ತಳಕ್ಕೆ ತಳ್ಳಿದಳು. ಲ್ಯಾಬಿನವರು ಮುದ್ರೆ ಒಡೆಯುತ್ತಾರೆ, ಮರದ ಸುಮಾಕು ನೋಡುತ್ತಾರೆ, ಬಟ್ಟೆ ವಾಪಸು ಬರುತ್ತದೆ. ಖಾಲಿ ಬರುವುದಿಲ್ಲ, ಒಳಗೆ ಕೆಲಸದಿಂದ ತೆಗೆದ ಕಾಗದವೊಂದಿರುತ್ತದೆ. ತಿರುಗಿ ಕಳಿಸುವಾಗ ತಾನೂ ಖಾಲಿ ಕಳಿಸಬಾರದು. ಸೊಂಟದ ಕೀಲಿಕೈಯನ್ನು ಕೈಯಲ್ಲಿ ತೂಗಿ ನೋಡಿದಳು. ಆ ಬಟ್ಟೆಯಲ್ಲಿ ಸರಿಯಾಗಿ ಹಿಡಿಸುತ್ತದೆ.

"ಏನು ಯೋಚನೆ ಮಾಡ್ತಿದೀರಿ, ಬೀಗಿತ್ತೀ?" ಮವ್ಲುದಾ ಕೇಳಿದಳು.

"ಏನಿಲ್ಲ," ಎಂದು ಸನೋಬರ್ ತೊಟ್ಟಿಲು ತೂಗಿದಳು.